ಶಿವಯೋಗಿಯ ಗಾಳದ ಚೀಲ

ಓದುಗರೇ, ಎದುರಿಗೆ ಬರುವ ಮನುಷ್ಯನ ಮುಖ ನೋಡುವ ಮೊದಲು ಅವನ ಹೆಗಲಿನ ಚೀಲವನ್ನು ನೋಡಿ, ಇವನು ಇಂಥವನೇ ಎಂದು ತೀರ್ಪು ಬರೆದು ಸಹಿ ಹಾಕುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ಚರ್ಮದ ಚೀಲ ಕಂಡರೆ ಕುರ್ಚಿ ಎಳೆದು ಹಾಕುತ್ತೀರಿ. ಗೊಬ್ಬರದ ಚೀಲ ಕಂಡರೆ ಬಾಗಿಲ ಆಚೆಯೇ ನಿಲ್ಲಿಸಿ ಮಾತನಾಡುತ್ತೀರಿ. ಹಾಗೆ ಮಾಡಿಲ್ಲವೆಂದು ಎದೆ ಮುಟ್ಟಿಕೊಂಡು ಹೇಳಿ ನೋಡೋಣ. ಹೇಳಲಾರಿರಿ. ಆದ್ದರಿಂದ ಶಿವಮೊಗ್ಗದ ಹೊಸಮನೆ ಬಡಾವಣೆಯ ಶಿವಯೋಗಿಗೆ ಆದದ್ದರಲ್ಲಿ ನಿಮ್ಮ ಪಾಲೂ ಇದೆ. ನೆಟ್ಟಗೆ ಕುಳಿತು ಕೇಳತಕ್ಕದ್ದು.

ಶಿವಯೋಗಿ ಅನುದಾನಿತ ಪ್ರೌಢಶಾಲೆಯೊಂದರ ಗುಮಾಸ್ತ. ವಯಸ್ಸು ಐವತ್ತೆರಡು. ಮೂರು ತಲೆಮಾರಿನಿಂದ ಮೊಟ್ಟೆಯ ಸಿಪ್ಪೆ ಕೂಡ ಹೊಸ್ತಿಲು ದಾಟದ ಮನೆ ಅವನದು. ಬೆಳಿಗ್ಗೆ ಲಿಂಗಪೂಜೆಯಾಗದೆ ಕಾಫಿಯೂ ಇಲ್ಲ. ಇಂಥವನು ಕಳೆದ ಬೇಸಿಗೆಯಲ್ಲಿ ಭದ್ರಾವತಿಯ ನೆಂಟರ ಮನೆಗೆ ಹೋದಾಗ ಸ್ಕೂಟರಿನ ಸೀಟು ಹರಿಯಿತು. ಹೊಲಿಸಲೆಂದು ನ್ಯೂ ಟೌನಿನಲ್ಲಿ ನಿಯಾಜ್ ಎಂಬಾತನ ಕುಶನ್ ಅಂಗಡಿಗೆ ಹೋದ. ಅಂಟು ಒಣಗಲು ಎರಡು ಗಂಟೆ ಬೇಕೆಂದ ನಿಯಾಜ್, ಸುಮ್ಮನೆ ಕೂರುವುದೇಕೆಂದು ಗಿರಾಕಿಯನ್ನೂ ಕರೆದುಕೊಂಡು ಭದ್ರಾ ನದಿಯ ದಂಡೆಗೆ ನಡೆದ.

"ಸರ್, ಈ ಕೋಲು ಸ್ವಲ್ಪ ಹಿಡ್ಕೊಂಡಿರಿ. ಮುಖ ತೊಳ್ಕೊಂಡು ಬರ್ತೀನಿ" ಎಂದು ಅವನು ಗಾಳದ ಕೋಲನ್ನು ಶಿವಯೋಗಿಯ ಕೈಗೆ ಕೊಟ್ಟದ್ದೇ ತಪ್ಪಾಯಿತು. ನೀರಿನ ಮೇಲಿನ ಬೆಂಡು ಒಮ್ಮೆ ತಲೆಯಾಡಿಸಿತು, ಎರಡು ಸಲ ಮುಳುಗೆದ್ದಿತು, ಮೂರನೆಯ ಸಲ ಮಾಯವಾಯಿತು. ಮೂವತ್ತು ವರ್ಷ ಹಾಜರಿ ಪುಸ್ತಕವನ್ನಷ್ಟೇ ಹಿಡಿದ ಕೈಗಳ ಮೇಲೆ ಇಡೀ ನದಿಯೇ ಜಗ್ಗಿದಂತಾಯಿತು. ಅಂಗೈ ಅಗಲದ ಗೆಂಡೆ ಮೀನು ಬೆಳ್ಳಿಯ ತಟ್ಟೆಯಂತೆ ಮೇಲೆದ್ದು ಬಂತು. ಶಿವಯೋಗಿ ಅದನ್ನು ಬಿಡಿಸಿ ನೀರಿಗೇ ಬಿಟ್ಟ. ಮೀನು ಅವನನ್ನು ಬಿಡಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಭದ್ರಾವತಿ. ಹಿಡಿಯುವುದು, ಮುದ್ದಾಗಿ ನೋಡುವುದು, ಬಿಡುವುದು. ಕೊಲ್ಲಲಿಲ್ಲ, ತಿನ್ನಲಿಲ್ಲ. ಆದರೆ ಹೆಂಡತಿಗೆ ಹೇಳಲೂ ಇಲ್ಲ. ಪಾಪ ಅಲ್ಲಿದೆ, ಗಮನಿಸಿ.

"ವಾಕಿಂಗಿಗೆ ಭದ್ರಾವತಿಗೆ ಯಾಕ್ರೀ ಹೋಗ್ಬೇಕು? ಶಿವಮೊಗ್ಗದಲ್ಲಿ ನೆಲ ಇಲ್ವಾ?" ಎಂದು ಸುಭದ್ರಮ್ಮ ಕೇಳಿದ್ದುಂಟು.

"ಅಲ್ಲಿ ಗಾಳಿ ಚೆನ್ನಾಗಿದೆ ಕಣೇ."

"ಫ್ಯಾಕ್ಟರಿ ಊರಿನ ಗಾಳೀನಾ?"

"ಅದು ಎದೆಗೆ ಒಳ್ಳೇದಂತೆ" ಎಂದು ಶಿವಯೋಗಿ ಸಾಕ್ಸ್ ಹುಡುಕತೊಡಗಿದ. ಸುಭದ್ರಮ್ಮ ಅವನನ್ನೂ, ಅವನ ಕಾಲಿಗೆ ಮೈ ಉಜ್ಜುತ್ತಿದ್ದ ಬೀದಿಯ ಬೆಕ್ಕನ್ನೂ ಒಂದು ಗಳಿಗೆ ನೋಡಿ ಒಳಗೆ ಹೋದಳು.

ಈಗ ಚೀಲದ ವಿಚಾರ. ಒಂದೇ ಕಡೆ ಕುಳಿತು ಗಾಳ ಹಾಕುವವನಿಗೆ ಯಾವ ಚೀಲವಾದರೂ ನಡೆಯುತ್ತದೆ. ಆದರೆ ನಿಯಾಜ್ ಕುಳಿತುಕೊಳ್ಳುವ ಜಾತಿಯವನಲ್ಲ. "ಮೀನು ನಮ್ಮ ಹತ್ರ ಬರಲ್ಲ ಸರ್, ನಾವೇ ಹೋಗ್ಬೇಕು. ಈ ಮಡುವಲ್ಲಿ ಹತ್ತು ನಿಮಿಷ, ಮುಂದಿನ ಮಡುವಲ್ಲಿ ಹತ್ತು ನಿಮಿಷ" ಎನ್ನುವುದು ಅವನ ಸಿದ್ಧಾಂತ. ಒಂದು ಬೆಳಿಗ್ಗೆ ಎರಡು ಮೈಲಿ ದಂಡೆ ನಡೆದು, ಬಂಡೆ ಹತ್ತಿ, ಬೇಲಿ ನುಸುಳಬೇಕು. ಶಿವಯೋಗಿ ಮೊದಲು ಮಗಳು ರಶ್ಮಿಯ ಹಳೆಯ ಶಾಲೆಯ ಬ್ಯಾಗು ತಂದ. ನೀರಿಗೆ ಬಗ್ಗಿದಾಗ ಅದು ಬೆನ್ನಿನಿಂದ ಜಾರಿ ತಲೆಯ ಮೇಲೆ ಬಂದು ಕುಳಿತು, ಹೊಂಚಿ ಕಾದಿದ್ದ ಮೀನಿಗೆ ಅವನ ಬದಲು ಒಂದು ಕಾರ್ಟೂನು ಕರಡಿಯ ಮುಖ ಕಂಡಿತು. ಮುಂದಿನ ವಾರ ಯಾರದೋ ಮದುವೆಯ ತಾಂಬೂಲದ ಚೀಲ ತಂದ. ವಧೂವರರ ಹೆಸರಿನ ನಡುವೆ ಸರಿಯಾಗಿ ಹಿಡಿ ಕಿತ್ತು ಬಂದು, ಸೀಸದ ಗುಂಡುಗಳೆಲ್ಲ ಭದ್ರೆಗೆ ಅರ್ಪಣೆಯಾದವು. ಪ್ಲಾಸ್ಟಿಕ್ ವೈರಿನ ಬುಟ್ಟಿ ಹೆಜ್ಜೆಗೊಮ್ಮೆ ಕಿರುಗುಟ್ಟಿ ಮೀನುಗಳಿಗೆ ಮುನ್ಸೂಚನೆ ಕೊಟ್ಟಿತು.

"ನಾನೇ ಹೊಲ್ಕೊಡ್ತೀನಿ ಬಿಡಿ" ಎಂದ ನಿಯಾಜ್. ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತಿದ್ದ ಅವನ ತಾಯಿ ಖುರ್ಷಿದ್ ಬೇಗಂ, ಚೀಲವೊಂದರ ಲಕ್ಷಣಗಳನ್ನು ಮದುಮಗಳ ಲಕ್ಷಣ ಹೇಳಿದಂತೆ ಹೇಳಿದರು: "ಪಟ್ಟಿ ಅಗಲ ಇರ್ಬೇಕು, ಹೆಗಲು ಕೊರೀಬಾರ್ದು. ಬಾಯಿ ದೊಡ್ಡದಿರ್ಬೇಕು, ಒಂದೇ ಕೈಯಲ್ಲಿ ತೆಗಿಯೋ ಹಂಗೆ. ಅಡಿಗೆ ರೆಕ್ಸಿನ್ ಹಾಕು, ಒದ್ದೆ ನೆಲದ ಮೇಲೆ ಇಟ್ರೂ ನೆನೀಬಾರ್ದು. ಬಕ್ಕಲ್ ಬೇಡ, ದಾರ ಸಿಕ್ಕಾಕ್ಕೊಳ್ಳುತ್ತೆ. ಒಳಗೆ ಒಂದು ಸ್ಪಂಜಿನ ಪಟ್ಟಿ ಕೊಡು, ಗಾಳ ಎಲ್ಲ ಅದಕ್ಕೆ ಚುಚ್ಚಿಡ್ಲಿ. ಆಮೇಲೆ ದೊಡ್ಡದು ಮಾಡ್ಬೇಡ ಬೇಟಾ. ಚೀಲ ದೊಡ್ಡದಾದ್ರೆ ಗಂಡಸ್ರು ಮನೇನೇ ತುಂಬ್ಕೊಂಡು ಹೋಗ್ತಾರೆ."

ಇಷ್ಟು ವಿವೇಕದ ಮಾತನ್ನು ಕೇಳಿಯೂ ಶಿವಯೋಗಿ ಬಟ್ಟೆಯ ವಿಷಯದಲ್ಲಿ ಎಡವಿದ. ನಿಯಾಜ್ ಕಪ್ಪು ರೆಕ್ಸಿನ್ ತೋರಿಸಿದ. "ಬೇಡ ಮಾರಾಯ. ನೋಡಿದ ಕೂಡ್ಲೇ ಏನೋ ಇದೆ ಅನ್ಸುತ್ತೆ. ನಮ್ಮ ಬೀದೀಲಿ ಯಾರಿಗೂ ಡೌಟು ಬರಬಾರ್ದು" ಎಂದು ಅಂಗಡಿಯನ್ನೆಲ್ಲ ಕಣ್ಣಾಡಿಸಿದವನಿಗೆ, ಮಠವೊಂದರ ಜೀಪಿನ ಸೀಟಿಗೆ ತಂದು ಉಳಿದಿದ್ದ ದಪ್ಪ ಕಾವಿ ಬಟ್ಟೆ ಕಂಡಿತು. ಕಣ್ಣು ಅರಳಿತು.

"ಸರ್, ಅದು ಬೇಡ" ಎಂದ ನಿಯಾಜ್. "ಬೇರೆ ಬಣ್ಣ ಸುಮ್ನಿರುತ್ತೆ. ಇದು ಮಾತಾಡುತ್ತೆ."

"ಮಾತಾಡ್ಲಿ. ಮೀನು ಅಂತ ಮಾತ್ರ ಹೇಳಲ್ವಲ್ಲ."

ಗೌರವದ ಬಣ್ಣವನ್ನು ಗುಟ್ಟು ಮುಚ್ಚುವ ಹೊದಿಕೆ ಮಾಡಿಕೊಂಡವನಿಗೆ ಏನಾಗಬೇಕೋ ಅದೇ ಆಯಿತು. ಸ್ವಲ್ಪ ತಾಳಿ.

ಶಿವಯೋಗಿಯ ಎದುರುಮನೆಯಲ್ಲಿ ಪರಮೇಶ್ವರಪ್ಪ ಇದ್ದರು. ಕಾರ್ಖಾನೆಯಿಂದ ನಿವೃತ್ತರು, ಬಡಾವಣೆಯ ಸಂಘದ ಅಧ್ಯಕ್ಷರು, ಮೂವತ್ತೈದು ವರ್ಷಗಳಿಂದ ಹೊಗೆಸೊಪ್ಪು ಅಗಿಯುವವರು. ಮುಚ್ಚಳದಲ್ಲಿ ಹೂವಿನ ಜಾಲರಿ ಕೊರೆದ ಹಿತ್ತಾಳೆಯ ಡಬ್ಬಿಯೊಂದು ಅವರ ಜೇಬಿನಲ್ಲಿ ಇಲ್ಲದ ದಿನವಿಲ್ಲ. ಹಿಂದಿನ ತಿಂಗಳು ಸ್ವಾಮಿಗಳೊಬ್ಬರು ಜೋಳಿಗೆ ಹಿಡಿದು, ದುಶ್ಚಟಗಳನ್ನೇ ಭಿಕ್ಷೆಯಾಗಿ ಹಾಕಿರೆಂದು ಹೊಸಮನೆಯ ಮನೆಮನೆಗೆ ಬಂದಾಗ ಪರಮೇಶ್ವರಪ್ಪ ಬಚ್ಚಲುಮನೆಯಲ್ಲಿ ಅಡಗಿ ಒಂದು ಗಂಟೆ ಸ್ನಾನ ಮಾಡಿದ್ದರು. ಚೀಲ ಸಿದ್ಧವಾದ ವಾರದ ಶನಿವಾರ ಅವರ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡಿತು. "ಇವತ್ತು ಬಿಟ್ರೆ ನಾನು ನೋಡ್ಕೋತೀನಿ. ಬಿಡ್ಲಿಲ್ಲ ಅಂದ್ರೆ ಆರು ತಿಂಗಳಾದ್ಮೇಲೆ ನೋಡೋರೇ ಬೇರೆ" ಎಂದು ವೈದ್ಯರು ಹೇಳಿ ಕಳಿಸಿದ್ದರು. ಮರುದಿನ ಭಾನುವಾರ ಮುಂಜಾನೆ ಅವರು ನಿದ್ದೆಯಿಲ್ಲದೆ ಗೇಟಿನ ಬಳಿ ನಿಂತಿದ್ದರು, ಕೈಯಲ್ಲಿ ಡಬ್ಬಿ.

ಆಗ ಅವರ ಕಣ್ಣಿಗೆ ಬಿದ್ದ ದೃಶ್ಯವನ್ನು ನೀವೂ ನೋಡಿ. ಹೆಗಲಲ್ಲಿ ಹೊಸ ಕಾವಿಯ ಜೋಳಿಗೆ. ಅದರಿಂದ ಹೊರಗೆ ಚಾಚಿದ, ಬಿಳಿ ಪಂಚೆ ಸುತ್ತಿದ ದಂಡ. ಸದ್ದಾಗದಿರಲೆಂದು ಚಪ್ಪಲಿ ಕಳಚಿ ಕಂಕುಳಲ್ಲಿಟ್ಟುಕೊಂಡದ್ದರಿಂದ ಬರಿಗಾಲು. ಯಾರಿಗೂ ಕಾಣಬಾರದೆಂದು ತಗ್ಗಿಸಿದ ತಲೆ. ಹಿಂದೆ ಸಾಲಾಗಿ, ಮಂತ್ರಮುಗ್ಧವಾದಂತೆ ಮೂರು ಬೆಕ್ಕುಗಳು.

"ಶಿವಯೋಗಿ" ಎಂದರು ಪರಮೇಶ್ವರಪ್ಪ, ಗೇಟು ತೆರೆದು ಬಂದು.

ಶಿವಯೋಗಿ ಕಳ್ಳನಂತೆ ನಿಂತ. "ಅಣ್ಣಾ, ನಾನು... ಸುಮ್ನೆ..."

"ಏನೂ ಹೇಳ್ಬೇಡ ಮಾರಾಯ. ಸ್ವಾಮಿಗಳು ಬಂದಾಗ ಬಚ್ಚಲು ಸೇರ್ಕೊಂಡೆ. ನೀನು ನಮ್ಮ ಬೀದಿಯೋನು, ನಿನ್ನ ಕಣ್ಣು ತಪ್ಪಿಸಿ ಎಲ್ಲಿಗೆ ಹೋಗ್ಲಿ. ತಗೋ." ಡಬ್ಬಿ ಚೀಲಕ್ಕೆ ಬಿತ್ತು. "ಇವತ್ತಿಂದ ಮುಟ್ಟಿದ್ರೆ ಕೇಳು."

ಒಂದು ವಾಕ್ಯ ಸಾಕಾಗಿತ್ತು. ‘ಅಣ್ಣಾ, ಇದು ಮೀನಿನ ಚೀಲ.’ ಕನ್ನಡದಲ್ಲಿ ಇದಕ್ಕಿಂತ ಸರಳವಾದ ವಾಕ್ಯವನ್ನು ಮೂರನೆಯ ತರಗತಿಯ ಮಕ್ಕಳೂ ಬರೆದಾರು. ಶಿವಯೋಗಿಯ ಬಾಯಿಂದ ಅದು ಹೊರಡಲಿಲ್ಲ. ಅವನು ಬೆವರುತ್ತಾ ಕೈಮುಗಿದ. ಬೆವರನ್ನು ಪರಮೇಶ್ವರಪ್ಪ ತೇಜಸ್ಸೆಂದು ತಿಳಿದರು.

ಅಧ್ಯಕ್ಷರು ಬಿಟ್ಟರೆಂದರೆ ಸುದ್ದಿ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಮಧ್ಯಾಹ್ನದೊಳಗೆ ನೂರಾರು ಕೈಮುಗಿದ ಚಿತ್ರಗಳು ಬಂದವು. ಮುಂದಿನ ಭಾನುವಾರ ಶಿವಯೋಗಿ ಬಾಗಿಲು ತೆರೆದರೆ ಗೇಟಿನ ಮುಂದೆ ಹದಿನಾಲ್ಕು ಜನ. ಗುಟ್ಕಾ ಮಾಲೆಗಳು, ಬೀಡಿ ಕಟ್ಟುಗಳು, ಅರ್ಧ ಸೇದಿ ಆರಿಸಿದ ಸಿಗರೇಟು ಒಂದು, ಇಸ್ಪೀಟಿನ ಎರಡು ಪ್ಯಾಕು. ಮೂಲೆಮನೆಯ ಮೀರಾ ಗಂಡನ ಬಾಟಲಿಯನ್ನು ಗಂಡನ ಎದುರೇ ಹಾಕಿದಳು. "ಇನ್ನೂ ಮುಕ್ಕಾಲಿದೆ ಕಣೇ" ಎಂದ ಅವನು. "ಅದಕ್ಕೇ ಇವತ್ತು ಹಾಕಿದ್ದು" ಎಂದಳು ಅವಳು. ಅವಳ ಮಗಳು ಅನುಷಾ ಟಿವಿಯ ರಿಮೋಟು ತಂದು, "ಅಂಕಲ್, ಇದು ಅಮ್ಮನ ಧಾರಾವಾಹಿದು" ಎಂದು ಅದನ್ನೂ ತೂರಿಸಿದಳು.

"ಬೆಕ್ಕುಗಳನ್ನ ನೋಡ್ರೋ" ಎಂದರು ಪರಮೇಶ್ವರಪ್ಪ ಕೈಮುಗಿದು. ಆ ದಿನ ಐದಿದ್ದವು. "ಮೂಕಪ್ರಾಣಿಗಳಿಗೆ ಗೊತ್ತಾಗಿದೆ. ನಮಗೆ ಗೊತ್ತಾಗಿರ್ಲಿಲ್ಲ."

ಅಂದು ಶಿವಯೋಗಿ ಹೊಸಮನೆಯ ಸಮಸ್ತ ಪಾಪವನ್ನು ಹೊತ್ತು ನದಿಯ ದಂಡೆಗೆ ಬಂದಾಗ ಒಂದು ಹೆಗಲು ಇನ್ನೊಂದಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ನಿಯಾಜ್ ಚೀಲವನ್ನು ಬಂಡೆಯ ಮೇಲೆ ಸುರಿದು ಸೊಂಟಕ್ಕೆ ಕೈಯಿಟ್ಟು ನಿಂತ.

"ಸರ್, ಇದು ಗಾಳದ ಚೀಲಾನಾ, ಬೀಡಾ ಅಂಗಡೀನಾ? ಗೋಡೌನ್ ಹೊತ್ಕೊಂಡು ನಡ್ಯೋಕಾಗುತ್ತಾ?"

ಎರೆಹುಳುವಿನ ಪ್ಲಾಸ್ಟಿಕ್ ಡಬ್ಬಿ ಬಾಟಲಿಯ ಭಾರಕ್ಕೆ ಒಡೆದಿತ್ತು. ಹುಳುಗಳು ಇಸ್ಪೀಟಿನ ರಾಣಿಯರ ಮೇಲೆ ಹರಿದಾಡುತ್ತಿದ್ದವು. ರಾಗಿ ಹಿಟ್ಟಿನ ಉಂಡೆಗೆ ಹೊಗೆಸೊಪ್ಪಿನ ವಾಸನೆ ಹತ್ತಿ, ಏಳು ಮಡುಗಳನ್ನು ಸುತ್ತಿದರೂ ಒಂದು ಮೀನೂ ಹತ್ತಿರ ಸುಳಿಯಲಿಲ್ಲ. ಮೀನುಗಳು ಮನುಷ್ಯರಿಗಿಂತ ಬುದ್ಧಿವಂತ ಜೀವಿಗಳೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

"ಹುಳಕ್ಕೆ ಬೇರೆ ಡಬ್ಬಿ ಬೇಕಲ್ಲಾ" ಎಂದ ಶಿವಯೋಗಿ. ನಿಯಾಜ್ ರಾಶಿಯಿಂದ ಹಿತ್ತಾಳೆಯ ಡಬ್ಬಿಯನ್ನು ಎತ್ತಿ, ಮುಚ್ಚಳದ ಜಾಲರಿಯನ್ನು ಬಿಸಿಲಿಗೆ ಹಿಡಿದು ನೋಡಿದ. "ಅರೆ, ಇದು ಹುಳಕ್ಕೇ ಮಾಡಿದಂಗಿದೆ. ಗಾಳಿ ಆಡುತ್ತೆ, ಮಣ್ಣು ಉದುರಲ್ಲ." ಮರಳು ಹಾಕಿ ಮೂರು ಸಲ ತಿಕ್ಕಿ, ಸೋಪಿನಲ್ಲಿ ತೊಳೆದು, ಒದ್ದೆ ಮಣ್ಣು ಹಾಕಿ ಹುಳುಗಳನ್ನು ಒಳಗಿಟ್ಟ. ಉಳಿದ ಬೀಡಿ ಗುಟ್ಕಾ ರಾಶಿಯನ್ನು ತನ್ನ ಅಂಗಡಿಯ ಮೂಲೆಗೆ ಸೇರಿಸಿದ. ಮುಂದಿನದಕ್ಕೆಲ್ಲ ಈ ಡಬ್ಬಿಯೇ ಕಾರಣವಾಯಿತು. ನೆನಪಿರಲಿ.

ಸುದ್ದಿ ಅಷ್ಟಕ್ಕೇ ನಿಲ್ಲಲಿಲ್ಲ. ದುಶ್ಚಟ ಬಿಡಿಸುವ ಜಾಗೃತಿ ಕಾರ್ಯಕ್ರಮಗಳ ಅಧಿಕಾರಿ ಮುರಳಿ ಎಂಬವರು ಶಾಲೆಗೇ ಬಂದರು. ವರ್ಷದ ಗುರಿಯಲ್ಲಿ ಭದ್ರಾವತಿಯಲ್ಲಿ ಒಂದು ಸಮಾರಂಭ ಬಾಕಿ ಉಳಿದು ಅವರ ಊಟ ನಿದ್ದೆ ಕೆಟ್ಟಿತ್ತು.

"ಸಾರ್, ಮುಂದಿನ ಭಾನುವಾರದ ಆಚೆ ಭಾನುವಾರ, ಹತ್ತು ಗಂಟೆಗೆ, ನ್ಯೂ ಟೌನಿನ ಸಭಾಭವನ. ಜೋಳಿಗೇನ ವೇದಿಕೆ ಮೇಲೆ ಬಿಚ್ಚೋಣ. ಒಂದೊಂದೇ ತೆಗೆದು ಬಕೆಟ್ಟಿಗೆ ಹಾಕೋಣ. ಪರಮೇಶ್ವರಪ್ಪನವರು ಇಪ್ಪತ್ತೊಂದನೇ ದಿನ ಅನುಭವ ಹೇಳ್ತಾರೆ. ಫೋಟೋ ಬಂದ್ರೆ ನನ್ನ ವರ್ಷ ಮುಗೀತು."

"ನಾನು ಅಂಥವನಲ್ಲ ಸಾರ್" ಎಂದ ಶಿವಯೋಗಿ.

"ದೊಡ್ಡವರು ಹೇಳೋದೇ ಹೀಗೆ" ಎಂದು ಮುರಳಿ ಅದನ್ನೂ ಆಹ್ವಾನಪತ್ರಿಕೆಯಲ್ಲಿ ಮುದ್ರಿಸಿದರು.

ಅಂದು ಸಂಜೆ ಶಿವಯೋಗಿ ನಿಜ ಹೇಳಲು ನಿಶ್ಚಯಿಸಿ ಎದುರುಮನೆಗೆ ಹೋದ. ಪರಮೇಶ್ವರಪ್ಪ ಜಗುಲಿಯಲ್ಲಿ ಖಾಲಿ ಬಾಯಿಯನ್ನೇ ಅಗಿಯುತ್ತಾ ಕುಳಿತಿದ್ದರು.

"ಹತ್ತು ದಿನ ಆಯ್ತು ಶಿವಯೋಗಿ. ಇವತ್ತು ಅಂಗಡಿ ತನಕ ಹೋಗಿ ವಾಪಸ್ ಬಂದೆ. ಯಾಕೆ ಗೊತ್ತಾ? ಆ ಚೀಲ ನೆನಪಾಯ್ತು. ಅದೊಂದೇ ತಡೀತಿರೋದು. ಅದೇನಾದ್ರೂ ಸುಳ್ಳು ಅಂತಾದ್ರೆ ಆ ಕ್ಷಣವೇ ನನ್ನ ಡಬ್ಬಿ ವಾಪಸ್ ತಗೋತೀನಿ." ಅವರು ಮಚ್ಚೆಯ ಕಡೆ ನಾಲಗೆ ಹೊರಳಿಸಿದರು. "ಏನೋ ಹೇಳೋಕೆ ಬಂದ್ಯಲ್ಲ?"

"ಏನಿಲ್ಲಣ್ಣ. ಬೆಕ್ಕು ಈ ಕಡೆ ಬಂತಾ ಅಂತ" ಎಂದು ಶಿವಯೋಗಿ ಮನೆಗೆ ಮರಳಿದ. ಈಗ ಅವನ ಒಂದು ಸುಳ್ಳಿನ ಮೇಲೆ ಇನ್ನೊಬ್ಬ ಮನುಷ್ಯನ ಕೆನ್ನೆ ನಿಂತಿತ್ತು. ಮೀನು ಹಿಡಿಯುವವನೆಂದು ಬೀದಿಯಲ್ಲಿ ನಗೆಪಾಟಲಾಗುವ ಭಯ ಅದರ ಮುಂದೆ ಎರೆಹುಳುವಿನಷ್ಟಾಯಿತು.

ಮನುಷ್ಯನ ಸ್ವಭಾವ ನೋಡಿ. ಸಮಾರಂಭದ ದಿನ ನೇರವಾಗಿ ಸಭಾಭವನಕ್ಕೆ ಹೋಗಬಾರದೇ? ‘ಹತ್ತು ಗಂಟೆಗೆ ತಾನೇ, ಏಳರಿಂದ ಒಂಬತ್ತು ಮೂರೇ ಮಡು ನೋಡಿ ಬರೋಣ, ಆಮೇಲೆ ಅಂಗಡಿಯಲ್ಲಿ ಗಾಳದ ಸಾಮಾನು ತೆಗೆದಿಟ್ಟು, ಅಲ್ಲಿರುವ ಬೀಡಿ ಗುಟ್ಕಾ ತುಂಬಿಕೊಂಡು ಹೋದರಾಯಿತು’ ಎಂದು ಲೆಕ್ಕ ಹಾಕಿದ. ಮೂರನೆಯ ಮಡುವಿನಲ್ಲಿ ಒಂದು ಗೆಂಡೆ ಗಾಳ ಕಚ್ಚಿತು ನೋಡಿ, ಮೊಣಕೈ ಉದ್ದದ್ದು. ಕೋಲು ಬಿಲ್ಲಾಯಿತು. ರೀಲು ಕಿರುಚಿತು. ಶಿವಯೋಗಿ ಬಂಡೆಯಿಂದ ಬಂಡೆಗೆ ಕುಪ್ಪಳಿಸಿದ. ಚೀಲ ಹೆಗಲಿನಿಂದ ಒಂದಿಂಚು ಜಾರಲಿಲ್ಲ. "ಬಿಡಿ ಸರ್, ದಾರ ಬಿಡಿ, ಹಂಗೇ, ಈಗ ಸುತ್ತಿ" ಎಂದು ನಿಯಾಜ್ ನೀರಿಗೇ ಇಳಿದ. ಇಪ್ಪತ್ತು ನಿಮಿಷದ ಯುದ್ಧದ ನಂತರ ಮೀನನ್ನು ಎರಡೂ ಕೈಗಳಲ್ಲಿ ಎತ್ತಿ, ಹಣೆಗೆ ಮುಟ್ಟಿಸಿಕೊಂಡು, ಶಿವಯೋಗಿ ನೀರಿಗೆ ಬಿಟ್ಟ. ಜೀವನದಲ್ಲಿ ಅಷ್ಟು ಸಂತೋಷವನ್ನು ಅವನು ವೇತನ ಪರಿಷ್ಕರಣೆಯ ದಿನವೂ ಪಟ್ಟಿರಲಿಲ್ಲ.

ಗಡಿಯಾರ ನೋಡಿದರೆ ಹತ್ತೂ ಐದು. ಅಂಗಡಿಗೆ ಓಡಿ ಬಂದು, ಬೀಡಿ ಗುಟ್ಕಾಗಳನ್ನು ಚೀಲಕ್ಕೆ ತುಂಬಿ, ಇನ್ನು ಗಾಳ ಬಿಚ್ಚಬೇಕು ಎನ್ನುವಷ್ಟರಲ್ಲಿ, ಅವನನ್ನು ಹುಡುಕುತ್ತಾ ನ್ಯೂ ಟೌನೆಲ್ಲ ಸುತ್ತುತ್ತಿದ್ದ ಮುರಳಿಯವರ ಜೀಪು ಬಂತು. "ಸಾರ್, ಜನ ಕಾಯ್ತಿದ್ದಾರೆ" ಎಂದು ಚೀಲಸಮೇತ ಅವನನ್ನು ಎತ್ತಿ ಹಾಕಿಕೊಂಡರು. ಖುರ್ಷಿದ್ ಬೇಗಂ ಸ್ಟೂಲಿನಿಂದ ಎದ್ದು, "ಬೇಟಾ, ಚಾದರ ಕೊಡು. ಈ ತಮಾಷೆ ನಾನು ನೋಡ್ಲೇಬೇಕು" ಎಂದು ಮಗನ ಬೈಕು ಹತ್ತಿದರು.

ಸಭಾಭವನ ತುಂಬಿತ್ತು. ಹೊಸಮನೆಯವರು ಬಸ್ಸು ಮಾಡಿಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ಸುಭದ್ರಮ್ಮ. ವೇದಿಕೆಯ ಮೇಲೆ ಪರಮೇಶ್ವರಪ್ಪ, ನಡುಗುವ ಕೈಯನ್ನು ಶಾಲಿನೊಳಗೆ ಮುಚ್ಚಿಕೊಂಡು. ಮುರಳಿಯವರು ತ್ಯಾಗದ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿ, ಕ್ಯಾಮೆರಾದ ಕಡೆಗೇ ನೋಡುತ್ತಾ ಚೀಲದೊಳಗೆ ಕೈಯಿಟ್ಟರು. ಸ್ಪಂಜಿನ ಪಟ್ಟಿ ಇದ್ದದ್ದು ಅಲ್ಲಿಯೇ.

ಅವರ ಮುಖದ ಮೇಲಿದ್ದ ಮುಗುಳ್ನಗೆ ಹಾಗೆಯೇ ನಿಂತಿತು. ಅದರ ಅರ್ಥ ಮಾತ್ರ ಬದಲಾಯಿತು. ಕೈಯನ್ನು ಹೊರಗೆಳೆದರೆ ಕೈಯೊಂದಿಗೆ ಅಂಗಿಯ ತೋಳು, ತೋಳಿಗೆ ಗಾಳ, ಗಾಳಕ್ಕೆ ನೈಲಾನ್ ದಾರ, ದಾರದಲ್ಲಿ ತೋರಣ ಕಟ್ಟಿದಂತೆ ಗುಟ್ಕಾ ಮಾಲೆ, ಬೀಡಿ ಕಟ್ಟು, ಇಸ್ಪೀಟಿನ ಪ್ಯಾಕು, ಧಾರಾವಾಹಿಯ ರಿಮೋಟು, ಕೊನೆಯಲ್ಲಿ ಕೆಂಪು ಬೆಂಡು. ಜನ ಇದೂ ಕಾರ್ಯಕ್ರಮದ ಅಂಗವೆಂದು ಭಾವಿಸಿ ಚಪ್ಪಾಳೆ ತಟ್ಟಿದರು. ಹಿತ್ತಾಳೆಯ ಡಬ್ಬಿ ಉರುಳಿ ಪರಮೇಶ್ವರಪ್ಪನವರ ಪಾದದ ಬಳಿ ನಿಂತಿತು.

ಅವರು ಅದನ್ನು ನೋಡಿದರು. ಇಪ್ಪತ್ತೊಂದು ದಿನಗಳ ಹಸಿವು ಕಣ್ಣಿಗೆ ಬಂತು. "ಒಂದ್ಸಲ ವಾಸನೆ ಮಾತ್ರ" ಎಂದು ಬಗ್ಗಿ ಡಬ್ಬಿಯನ್ನೆತ್ತಿಕೊಂಡರು.

"ತೆಗೀಬೇಡಿ ಅಣ್ಣಾ" ಎಂದ ಶಿವಯೋಗಿ.

"ವಾಸನೆ ಅಷ್ಟೇ ಮಾರಾಯ."

"ಅಣ್ಣಾ, ಅದು ಮೀನಿನ ಚೀಲ" ಎಂದ ಶಿವಯೋಗಿ. ಮೈಕು ಅವನ ಬಾಯಿಯ ಮುಂದೆಯೇ ಇತ್ತು. ಮೂರು ವಾರ ಗಂಟಲಲ್ಲಿ ಕೂತಿದ್ದ ವಾಕ್ಯ ಭವನದ ನಾಲ್ಕೂ ಮೂಲೆಗಳಿಂದ ಮರುದನಿಗೊಂಡಿತು. "ನಾನು ಯಾವ ವ್ರತಾನೂ ಹಿಡಿದಿಲ್ಲ. ಪ್ರತಿ ಭಾನುವಾರ ಮೀನು ಹಿಡಿಯೋಕೆ ಬರ್ತೀನಿ. ಹಿಡಿದು ಬಿಡ್ತೀನಿ. ಅವತ್ತು ನಿಮಗೆ ಹೇಳೋಕೆ ಧೈರ್ಯ ಇರ್ಲಿಲ್ಲ."

ಆದರೆ ಪರಮೇಶ್ವರಪ್ಪ ಅಷ್ಟರಲ್ಲಿ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಮೂವತ್ತೈದು ವರ್ಷಗಳ ಅಭ್ಯಾಸದಂತೆ ಎರಡು ಬೆರಳುಗಳಲ್ಲಿ ಒಂದು ಚಿಟಿಕೆ ಎತ್ತಿ ತುಟಿಯವರೆಗೆ ತಂದಿದ್ದರು. ಚಿಟಿಕೆ ಹೊರಳಿತು.

ಕಣ್ಣು ತೆರೆದರು. ಎರಡು ಬೆರಳುಗಳ ನಡುವೆ, ಗೇಣುದ್ದಕ್ಕೆ ಸ್ವಲ್ಪ ಕಡಿಮೆಯಿದ್ದ ಎರೆಹುಳುವೊಂದು ಅವರನ್ನೇ ನೋಡುತ್ತಿತ್ತು.

ಅವರು ಮಾಡಿದ ಸದ್ದನ್ನು ಅಕ್ಷರಗಳಲ್ಲಿ ಬರೆಯಲು ಬರುವುದಿಲ್ಲ. ಜನ ನೀರು ತಂದರು, ಕುರ್ಚಿ ತಂದರು. ಪರಮೇಶ್ವರಪ್ಪ ಹತ್ತು ನಿಮಿಷ ಬಾಯಿ ಮುಕ್ಕಳಿಸಿದರು. ಆಮೇಲೆ ಉರಿದು ಬಿದ್ದರು.

"ಮೀನಿನ ಚೀಲಕ್ಕೆ ಇಪ್ಪತ್ತೊಂದು ದಿನ ಕೈ ಮುಗಿದೆನಾ ನಾನು? ಮರ್ಯಾದೆ ಇದೆಯೇನೋ ನಿನಗೆ? ಈಗ್ಲೇ ಹೋಗಿ..." ಎಂದು ಡಬ್ಬಿಯ ಕಡೆ ಕೈ ಚಾಚಿದರು. ಕೈ ಅರ್ಧದಲ್ಲೇ ನಿಂತಿತು. ನೀರು ತೆಗೆದುಕೊಂಡು ಇನ್ನೊಮ್ಮೆ ಮುಕ್ಕಳಿಸಿದರು. ಮತ್ತೆ ಚಾಚಿದರು, ಮತ್ತೆ ಮುಕ್ಕಳಿಸಿದರು.

ಬಾಗಿಲ ಬಳಿಯಿಂದ ಖುರ್ಷಿದ್ ಬೇಗಂ ಕೂಗಿ ಹೇಳಿದರು: "ಚೀಲ ಯಾವ್ದಾದ್ರೇನು ಅಣ್ಣಾ? ಬಿಟ್ಟಿದ್ದು ಚೀಲ ಅಲ್ಲ, ನೀವು. ಬಾಯಿ ನಿಮ್ದು ತಾನೇ?"

ಪರಮೇಶ್ವರಪ್ಪ ಆ ಮುದುಕಿಯನ್ನು ನೋಡಿದರು, ಶಿವಯೋಗಿಯನ್ನು ನೋಡಿದರು. ಶಾಲಿನೊಳಗಿಂದ ಹೊರಬಂದಿದ್ದ ತಮ್ಮ ಕೈಯನ್ನೂ ನೋಡಿಕೊಂಡರು. ಅದು ನಡುಗುತ್ತಿರಲಿಲ್ಲ, ಬೇಡವೆಂದು ಅಂಗೈ ಅಡ್ಡ ಹಿಡಿದಿತ್ತು.

"ಡಬ್ಬಿ ನೀನೇ ಇಟ್ಕೋ" ಎಂದರು ಕೊನೆಗೆ. "ಸಾಯೋ ತನಕ ನನ್ನ ಕಣ್ಣಿಗೆ ತೋರಿಸ್ಬೇಡ. ಹೊಗೆಸೊಪ್ಪು ಅಂದ್ರೆ ಇನ್ಮೇಲೆ ನನಗೆ ಆ ಹುಳಾನೇ ಕಾಣೋದು."

ಶಿವಯೋಗಿ ವೇದಿಕೆಯಿಂದ ಇಳಿದು ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಂತ.

"ನಂಗೆ ಜೂನಿನಿಂದ ಗೊತ್ತು" ಎಂದಳು ಸುಭದ್ರಮ್ಮ. "ವಾಕಿಂಗ್ ಮಾಡಿ ಬಂದ ಗಂಡನ ಹಿಂದೆ ಯಾವ ಊರಲ್ರೀ ಬೆಕ್ಕು ಬರುತ್ತೆ? ರಾಗಿ ಹಿಟ್ಟು ಬೇರೆ ಡಬ್ಬೀಲಿ ಇಳೀತಾನೇ ಇದೆ. ನೀವೇ ಹೇಳ್ಲಿ ಅಂತ ಕಾಯ್ತಿದ್ದೆ." ಆಮೇಲೆ ದನಿ ತಗ್ಗಿಸಿ, "ಇವತ್ತು ಸಿಕ್ಕಿದ್ದು ಎಷ್ಟು ದೊಡ್ಡದಿತ್ತು?" ಎಂದು ಕೇಳಿದಳು. ಶಿವಯೋಗಿ ಎರಡೂ ಕೈಗಳನ್ನು ಅಗಲಿಸಿ ತೋರಿಸಿದ. ನಿಜಕ್ಕಿಂತ ಒಂದು ಗೇಣು ಹೆಚ್ಚಾಗಿಯೇ ಇತ್ತು. ಸತ್ಯವಂತನಾದ ಮೊದಲ ದಿನ, ಅಷ್ಟು ಮನ್ನಿಸೋಣ.

ಕಾವಿಯ ಬಟ್ಟೆಯನ್ನು ನಿಯಾಜ್ ಬಿಚ್ಚಿ, ತೊಳೆದು, ಇಸ್ತ್ರಿ ಮಾಡಿ, ಅದು ಸೇರಬೇಕಾದ ಮಠದ ಜೀಪಿನ ಸೀಟಿಗೇ ಸೇರಿಸಿದ. ಹೊಸ ಚೀಲ ಕಪ್ಪು ರೆಕ್ಸಿನಿನದು. ಆಟೋಗಳ ಹಿಂದೆ ಹೊಲಿಯುವಂತೆ ಹಳದಿ ದಾರದಲ್ಲಿ ದೊಡ್ಡದಾಗಿ ‘ಗಾಳದ ಚೀಲ’ ಎಂದು ಹೊಲಿದಿದ್ದಾನೆ. ಹೆಗಲಿಗೆ ಹಗುರ, ಬಗ್ಗಿದರೆ ಜಾರುವುದಿಲ್ಲ, ಹೊತ್ತವನಿಗೆ ಚಪ್ಪಲಿ ಮೆಟ್ಟಿಕೊಂಡೇ ಬೀದಿಯಲ್ಲಿ ನಡೆಯುವ ಧೈರ್ಯ ಕೊಡುತ್ತದೆ. ಎದುರುಮನೆಯ ಕೆನ್ನೆಯ ಮಚ್ಚೆ ಸಣ್ಣದಾಗುತ್ತಿದೆಯೆಂದು ವೈದ್ಯರು ಹೇಳಿದ್ದಾರೆ.

ಈಗ ನಿಮ್ಮ ಸರದಿ. ನಿಯಾಜ್‌ಗೂ ಹುಳು ಹಾಕಲು ಒಂದು ಒಳ್ಳೆಯ ಡಬ್ಬಿ ಬೇಕಾಗಿದೆ. ಮುಚ್ಚಳ ಬಿಗಿಯಾಗಿರಬೇಕು, ಜೇಬಿನಲ್ಲಿ ಹಿಡಿಸಬೇಕು. ಅಂಥದ್ದೊಂದು ನಿಮ್ಮ ಜೇಬಿನಲ್ಲಿರುವುದು ನನಗೆ ಗೊತ್ತಿದೆ, ಅಲ್ಲಗಳೆಯಬೇಡಿ. ಯಾವ ಬಣ್ಣದ ಚೀಲ ಬರುತ್ತದೆಂದು ಕಾಯದೆ ಇವತ್ತೇ ಅದನ್ನು ಖಾಲಿ ಮಾಡಿ, ಮರಳು ಹಾಕಿ ಮೂರು ಸಲ ತಿಕ್ಕಿ, ತೊಳೆದು, ಭಾನುವಾರ ಬೆಳಿಗ್ಗೆ ಗೇಟಿನ ಬಳಿ ನಿಂತು ಶಿವಯೋಗಿಯ ಕೈಗೆ ಕೊಡಿ.